ಮೋಟರ್ ಎಷ್ಟು ದೊಡ್ಡದಿರಬೇಕು? – ವರ್ಕ್‌ಶಾಪ್ ಪ್ರಶ್ನೋತ್ತರ

ಪ್ರಶ್ನೆ: ಸರ್, ಗೋಕಾಕದಲ್ಲಿ ನಮ್ಮದು ಮರದ ಗೊಂಬೆ ಮಾಡುವ ಮನೆ. ಬಣ್ಣದ ಕೆಲಸ ಕೈಯಲ್ಲೇ ಇರಲಿ, ಕತ್ತರಿಸುವುದಕ್ಕೆ ಒಂದು ಸಿಎನ್‌ಸಿ ರೌಟರ್ (ಕಂಪ್ಯೂಟರ್ ನಡೆಸುವ ಕತ್ತರಿಸುವ ಮೆಷೀನ್) ನಾನೇ ಕಟ್ಟುತ್ತಿದ್ದೇನೆ. ಬೆಡ್ ಮೂರಡಿ ಉದ್ದ, ಎರಡಡಿ ಅಗಲ. ಬೆಡ್ ಮೇಲೆ ಓಡಾಡುವ ಕಮಾನು, ಅಂದರೆ ಗ್ಯಾಂಟ್ರಿ, ಬಿಟ್ ತಿರುಗಿಸುವ ಸ್ಪಿಂಡಲ್ ಸಮೇತ 20 ಕೆಜಿ ಆಗಬಹುದು. ಸ್ಪಿಂಡಲ್ 800 ವಾಟ್. 16 ಎಂಎಂ ಬಾಲ್ ಸ್ಕ್ರೂ, 5 ಎಂಎಂ ಲೀಡ್ (ಒಂದು ಸುತ್ತಿಗೆ ಸರಿಯುವ ದೂರ) ಹಾಕಬೇಕು ಅಂದುಕೊಂಡಿದ್ದೇನೆ. ಪ್ಲೈವುಡ್, ಸಾಗವಾನಿ ಕತ್ತರಿಸುತ್ತೇನೆ. ಸ್ಕ್ರೂ ತಿರುಗಿಸುವ ಸ್ಟೆಪ್ಪರ್ ಮೋಟರಿಗೆ (ಒಂದೊಂದೇ ಸ್ಟೆಪ್ ತಿರುಗುವ ಮೋಟರ್) ಅಂಗಡಿಯವರು ‘ನೆಮಾ 34 ಹಾಕ್ರಿ, ಚಿಂತೀನೇ ಇಲ್ಲ’ ಅಂತಾರೆ. ಗೆಳೆಯ ನೆಮಾ 17 ಸಾಕು ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಬೇಡ. ನೆಮಾ 23 ತಗೊಳ್ಳಿ, 18ರಿಂದ 20 ಕೆಜಿ-ಸೆಂಮೀ ಟಾರ್ಕಿನದು (ಟಾರ್ಕ್ ಅಂದರೆ ತಿರುಗಿಸುವ ಬಲ), ಅಂದರೆ ಹತ್ತಿರ ಹತ್ತಿರ 2 ನ್ಯೂಟನ್ ಮೀಟರ್. ಮೂರೂ ಆಕ್ಸಿಸ್‌ಗೆ (ಎಕ್ಸ್, ವೈ ಅಂದರೆ ಉದ್ದ-ಅಗಲ, ಝಡ್ ಅಂದರೆ ಮೇಲೆ-ಕೆಳಗೆ) ಒಂದೇ ಬಗೆಯ ಮೋಟರ್ ಇರಲಿ. ಇಷ್ಟಕ್ಕೇ ಬಿಟ್ಟರೆ ಅಂಗಡಿಯವರು ಮತ್ತೆ ನಿಮ್ಮ ಮನಸ್ಸು ತಿರುಗಿಸುತ್ತಾರೆ. ಅದಕ್ಕೆ ಲೆಕ್ಕವನ್ನೂ ಹೇಳುತ್ತೇನೆ.

ಮೊದಲು ಆ ನಂಬರ್ ವಿಷಯ. ನೆಮಾ ಅನ್ನುವುದು ಮೋಟರಿನ ಸೈಜಿನ ಮಾನದಂಡ; 23 ಅಂದರೆ ಮೋಟರಿನ ಮುಖ ಸುಮಾರು 2.3 ಇಂಚು, ಅಳೆದರೆ 57 ಎಂಎಂ. ಅಷ್ಟೇ. ಅದು ಶಕ್ತಿಯ ಅಳತೆ ಅಲ್ಲ. ನೆಮಾ 23ರಲ್ಲೇ ಗಿಡ್ಡದೂ ಇದೆ, ಉದ್ದದ್ದೂ ಇದೆ. ಉದ್ದ ಹೆಚ್ಚಾದಂತೆ ಟಾರ್ಕ್ ಹೆಚ್ಚು. ‘ನೆಮಾ 23 ಕೊಡ್ರಿ’ ಅಂತ ಕೇಳಿದರೆ ಸಾಲದು, ಲೇಬಲ್ ಓದಿಯೇ ದುಡ್ಡು ಕೊಡಿ.

20 ಕೆಜಿ ಗ್ಯಾಂಟ್ರಿ ಅಂತ ನೀವು ಹೆದರಿದ್ದೀರಿ. ಅದನ್ನು ಎತ್ತುವುದಿಲ್ಲ, ರೈಲಿನ ಮೇಲೆ ಜಾರಿಸುತ್ತೀರಿ ಅಷ್ಟೇ. ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಏರುವಂತೆ ದೂಡುವುದಕ್ಕೆ 10 ನ್ಯೂಟನ್ ಸಾಕು, ಒಂದು ಕೆಜಿ ಭಾರದಷ್ಟು. ಉಳಿದದ್ದು ಬಿಟ್‌ನ, ಅಂದರೆ ಕತ್ತರಿಸುವ ಅಲಗಿನ, ಒತ್ತಡ. 800 ವಾಟ್ ಸ್ಪಿಂಡಲ್ 24,000 ಆರ್‌ಪಿಎಂನಲ್ಲಿ ಪೂರ್ತಿ ದುಡಿದರೂ 6 ಎಂಎಂ ಬಿಟ್‌ನ ಅಂಚಿನಲ್ಲಿ ಬರುವುದು 11 ಕೆಜಿಯಷ್ಟು ಬಲ. ಈಗ ಸ್ಕ್ರೂ ನೋಡಿ. 5 ಎಂಎಂ ಲೀಡಿನ ಬಾಲ್ ಸ್ಕ್ರೂಗೆ ಒಂದು ನ್ಯೂಟನ್ ಮೀಟರ್ ಕೊಟ್ಟರೆ 115 ಕೆಜಿಯಷ್ಟು ನೂಕುತ್ತದೆ! ಬಲಕ್ಕೆ ಬರ ಇಲ್ಲ ಅಲ್ವಾ?

ಹಾಗಾದರೆ ಮೋಟರ್ ಸೋಲುವುದು ಎಲ್ಲಿ? ವೇಗದಲ್ಲಿ. ಮರಕ್ಕೆ ನಿಧಾನ ಆಗಿ ಬರುವುದಿಲ್ಲ. ಎರಡು ಹಲ್ಲಿನ ಬಿಟ್ 18,000 ಆರ್‌ಪಿಎಂನಲ್ಲಿ ತಿರುಗುವಾಗ ಒಂದೊಂದು ಹಲ್ಲಿಗೂ 0.1 ಎಂಎಂ ಮರ ಸಿಗಬೇಕು ಅಂದರೆ ನಿಮಿಷಕ್ಕೆ 3,600 ಎಂಎಂ ಓಡಬೇಕು. ಅದಕ್ಕಿಂತ ತೀರಾ ನಿಧಾನವಾದರೆ ಬಿಟ್ ಕತ್ತರಿಸುವುದು ಬಿಟ್ಟು ಉಜ್ಜುತ್ತದೆ. ಹೊಗೆ ಬರುತ್ತದೆ, ಸಾಗವಾನಿಯ ಅಂಚು ಕಪ್ಪಾಗುತ್ತದೆ. ಅದನ್ನು ತಿಕ್ಕಿ ತೆಗೆಯುವ ಹೊತ್ತಿಗೆ ಕೈಯಲ್ಲೇ ಕತ್ತರಿಸಬಹುದಿತ್ತು ಅನಿಸುತ್ತದೆ. ಆ ವೇಗಕ್ಕೆ ನಿಮ್ಮ 5 ಎಂಎಂ ಸ್ಕ್ರೂ 720 ಆರ್‌ಪಿಎಂ ತಿರುಗಬೇಕು. ಲೇಬಲ್ ಮೇಲಿನ ಟಾರ್ಕ್ ನಿಂತಲ್ಲೇ ಹಿಡಿದುಕೊಳ್ಳುವ ಟಾರ್ಕ್. ತಿರುಗುವ ವೇಗ ಏರಿದಂತೆ ಸ್ಟೆಪ್ಪರ್‌ನ ಟಾರ್ಕ್ ಇಳಿಯುತ್ತಾ ಹೋಗುತ್ತದೆ. 24 ವೋಲ್ಟ್ ಸಪ್ಲೈ ಇದ್ದರಂತೂ ಬೇಗ ಇಳಿಯುತ್ತದೆ.

ಅದಕ್ಕೆ ಎಕ್ಸ್, ವೈ ಎರಡಕ್ಕೂ 10 ಎಂಎಂ ಲೀಡ್ ಹಾಕಿ. ಅರ್ಧ ಆರ್‌ಪಿಎಂನಲ್ಲೇ ಕೆಲಸ ಆಗುತ್ತದೆ. ನೂಕುವ ಬಲ ಅರ್ಧ ಆಗುತ್ತದೆ, ಆಗಲಿ, ಬೇಕಾದಷ್ಟಿದೆ. ಝಡ್‌ಗೆ ಮಾತ್ರ 5 ಎಂಎಂ. ಅಲ್ಲಿ 10 ಹಾಕಿದರೆ ಕರೆಂಟ್ ಹೋದ ಕೂಡಲೇ ಸ್ಪಿಂಡಲ್ ತನ್ನ ಭಾರಕ್ಕೇ ಜಾರಿ ಕೆಲಸದ ಮೇಲೆ ಕೂತುಬಿಡಬಹುದು.

ವೋಲ್ಟೇಜ್‌ಗೆ ಒಂದು ಸೂತ್ರ ಇದೆ. ಮೋಟರಿನ ಇಂಡಕ್ಟನ್ಸ್ (ಕರೆಂಟ್ ಬೇಗ ಏರದಂತೆ ತಡೆಯುವ ಗುಣ) ಮಿಲಿಹೆನ್ರಿಯಲ್ಲಿ ತಗೊಂಡು, ಅದರ ವರ್ಗಮೂಲವನ್ನು 32ರಿಂದ ಗುಣಿಸಿ. ಅದಕ್ಕಿಂತ ಜಾಸ್ತಿ ವೋಲ್ಟೇಜ್ ಕೊಡಬಾರದು. 3 ಮಿಲಿಹೆನ್ರಿ ಇದ್ದರೆ 55 ವೋಲ್ಟ್. ಆದರೆ ನಿಮಗೆ ಸಿಗುವ ಡಿಎಂ542 ಡ್ರೈವರ್ (ಮೋಟರಿಗೆ ಕರೆಂಟ್ ಕೊಟ್ಟು ನಡೆಸುವ ಡಬ್ಬಿ) 50 ವೋಲ್ಟ್‌ಗೇ ನಿಲ್ಲುತ್ತದೆ. ಬ್ರೇಕ್ ಹಾಕುವಾಗ ಮೋಟರಿನಿಂದ ವೋಲ್ಟೇಜ್ ವಾಪಸ್ ಬರುತ್ತದೆ, ಅದಕ್ಕೂ ಜಾಗ ಬೇಕು. 36 ವೋಲ್ಟ್ ಸಪ್ಲೈ ಹಾಕಿ ನಿಶ್ಚಿಂತೆಯಾಗಿರಿ. ದೊಡ್ಡ ಮೋಟರಿಗೆ ಸುರಿಯುವ ದುಡ್ಡು ಇಲ್ಲಿ ಹಾಕಿದರೆ ಹೆಚ್ಚು ಫಲ.

ನೆಮಾ 34 ಅಂದರೆ ಕಬ್ಬಿನ ಟ್ರಾಲಿ ಎಳೆಯುವ ಟ್ರ್ಯಾಕ್ಟರ್. ಎಳೆಯುವುದಕ್ಕೆ ಹುಲಿ, ಓಡು ಅಂದರೆ ಓಡುವುದಿಲ್ಲ. ಅದಕ್ಕೆ 60–80 ವೋಲ್ಟ್ ಬೇಕು, ಬೇರೆ ಡ್ರೈವರ್ ಬೇಕು. 36 ವೋಲ್ಟ್‌ನಲ್ಲಿ ಓಡಿಸಿದರೆ ನಿಮಗೆ ಬೇಕಾದ ವೇಗದಲ್ಲಿ ನೆಮಾ 23ಗಿಂತ ಸಪ್ಪೆ ಆದರೂ ಆಶ್ಚರ್ಯ ಇಲ್ಲ. ನೆಮಾ 17 ಥ್ರೀಡಿ ಪ್ರಿಂಟರ್‌ಗೆ ಸರಿ. ಇಲ್ಲಿ ಸ್ಕ್ರೂ ತಿರುಗಿಸುವುದರಲ್ಲೇ ಸುಸ್ತಾಗುತ್ತದೆ. ನಂಬುವುದು ಕಷ್ಟ, ಆದರೆ 5 ಎಂಎಂ ಲೀಡ್ ಇದ್ದಾಗ ಒಂದು ಮೀಟರ್ ಸ್ಕ್ರೂವನ್ನು ವೇಗಕ್ಕೆ ತರುವ ಶ್ರಮ 20 ಕೆಜಿ ಗ್ಯಾಂಟ್ರಿಯನ್ನು ವೇಗಕ್ಕೆ ತರುವುದರ ನಾಲ್ಕು ಪಟ್ಟು!

ಮೋಟರ್ ತರುವ ಮೊದಲು ಒಂದು ಕೆಲಸ ಮಾಡಿ. ಸ್ಕ್ರೂ ಬಿಚ್ಚಿಟ್ಟು, ಗ್ಯಾಂಟ್ರಿಗೆ ಸ್ಪ್ರಿಂಗ್ ಕಾಟಾ ಸಿಕ್ಕಿಸಿ ಮೆಲ್ಲಗೆ ಎಳೆಯಿರಿ. ಈ ತುದಿಯಿಂದ ಆ ತುದಿವರೆಗೆ ಎರಡು ಕೆಜಿ ಒಳಗೇ ಬರಬೇಕು. ಮಧ್ಯೆ ಮುಳ್ಳು ಐದಕ್ಕೆ ಹಾರಿದರೆ ರೈಲು ಸಮ ಇಲ್ಲ. ಆಮೇಲೆ ಸ್ಕ್ರೂ ಹಾಕಿ, ಮೋಟರನ್ನು ಸ್ಕ್ರೂಗೆ ಜೋಡಿಸುವ ಕಪ್ಲಿಂಗ್ ಅನ್ನು ಎರಡೇ ಬೆರಳಲ್ಲಿ ತಿರುಗಿಸಿ. ಕೊನೆಯ ಒಂದಿಂಚಿನಲ್ಲಿ ಬಿಗಿ ಆಗುತ್ತಾ? ಬೇರಿಂಗ್ ಬ್ಲಾಕ್ ಏರುಪೇರಾಗಿದೆ, ತಗ್ಗಾದ ಕಡೆ 0.1 ಎಂಎಂ ಶಿಮ್ (ಕೆಳಗೆ ಇಡುವ ತೆಳು ತಗಡು) ಕೊಟ್ಟು ನೋಡಿ. ಇಲ್ಲಿ ಬೆಳಗಾವಿಯ ಉದ್ಯಮಬಾಗದಲ್ಲಿ ‘ಸ್ಟೆಪ್ ತಪ್ಪುತ್ತಿದೆ, ದೊಡ್ಡ ಮೋಟರ್ ಹೇಳಿ’ ಅಂತ ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ಶಿಮ್ಮು.

ಪ್ರಶ್ನೆ: ಇಳಕಲ್ಲಿನಲ್ಲಿ ಅಕ್ರಿಲಿಕ್ ಬೋರ್ಡ್ ಕತ್ತರಿಸುತ್ತೇನೆ. ಮೋಟರ್ ಸುಮ್ನೆ ನಿಂತಿದ್ದರೂ ಕೈ ಇಡಲಾರದಷ್ಟು ಬಿಸಿ. ಸುಟ್ಟು ಹೋಗುತ್ತಾ?

ಉತ್ತರ: ಇಲ್ಲ. ಸ್ಟೆಪ್ಪರ್ ನಿಂತಾಗಲೂ ಕರೆಂಟ್ ಎಳೆಯುತ್ತದೆ, ಮೈ 70–80 ಡಿಗ್ರಿ ಆದರೂ ತಡೆಯುತ್ತದೆ. ಡ್ರೈವರ್‌ನಲ್ಲಿ ನಿಂತಾಗ ಅರ್ಧ ಕರೆಂಟ್ ಮಾಡುವ ಸ್ವಿಚ್ ಇರುತ್ತದೆ, ಡಿಎಂ542ರಲ್ಲಿ ಅದು ನಾಲ್ಕನೆಯದು. ಆ ಸ್ವಿಚ್ ಆಫ್ ಇಟ್ಟರೆ ಕರೆಂಟ್ ಅರ್ಧವಾಗಿ ಬಿಸಿ ಇಳಿಯುತ್ತದೆ. ಹನಿ ನೀರು ಬಿಟ್ಟಾಗ ಚುರ್ ಅಂದರೆ ಮಾತ್ರ ಮೆಷೀನ್ ಆಫ್ ಮಾಡಿ, ಡ್ರೈವರ್‌ನಲ್ಲಿ ಇಟ್ಟ ಆಂಪಿಯರನ್ನು ಮೋಟರಿನ ಲೇಬಲ್ ಜೊತೆ ಹೋಲಿಸಿ ನೋಡಿ.