‘ಕಿಂಗ್‌ಡಮ್: ಅಶಿನ್ ಆಫ್ ದ ನಾರ್ತ್’ನಲ್ಲಿ ಚೆನ್ನಾಗಿರೋದೇನು, ಕೊರತೆಯೇನು?
ಇದು ಕೊರಿಯಾದ ‘ಕಿಂಗ್‌ಡಮ್’ ಸರಣಿಯ ಉಪಕಥೆ. 2021ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು, ಸುಮಾರು ಒಂದೂವರೆ ಗಂಟೆ. ಸತ್ತವರನ್ನು ಎಬ್ಬಿಸುವ ನೇರಳೆ ಹೂವಿನ ಹಿಂದಿನ ಕಥೆ ಇಲ್ಲಿದೆ.

ನನಗೆ ತುಂಬಾ ಹಿಡಿಸಿದ್ದು ಅಶಿನ್. ಜೋಸೊನ್ (ಹಳೆಯ ಕೊರಿಯಾ ರಾಜ್ಯ) ಗಡಿಯ ಹುಡುಗಿ, ಆ ಕಡೆಯವರಿಗೂ ಬೇಡ, ಈ ಕಡೆಯವರಿಗೂ ಬೇಡ. ದೊಡ್ಡವಳಾದ ಅಶಿನ್ ಆಗಿ ನಟಿಸಿರುವ ಜುನ್ ಜಿ-ಹ್ಯುನ್ ಮಾತಾಡುವುದೇ ಅಪರೂಪ, ಸಿಟ್ಟೆಲ್ಲ ಕಣ್ಣಲ್ಲೇ. ಜೊಂಬಿಗಳಾದ ತನ್ನ ಮನೆಯವರನ್ನೇ ಅವಳು ಕಟ್ಟಿಹಾಕಿ ಸಾಕುತ್ತಿರುತ್ತಾಳಲ್ಲ, ಅದನ್ನು ನೋಡಿ ಕರುಳು ಚುರ್ ಅಂತು. ಅವಳ ಸೇಡು ತಪ್ಪು ಅನ್ನೋಕೆ ಬಾಯಿ ಬರಲ್ಲ.

ಆದರೆ ಮೊದಲರ್ಧ ನಿಧಾನ, ಗಡಿ ರಾಜಕೀಯ ಜಾಸ್ತಿ. ಜುನ್ ಬರುವುದೂ ತಡ. ಮೂಲ ಸರಣಿಯ ಯುವರಾಜ, ಅವನ ಗೆಳೆಯರು, ಆ ಓಟ ಯಾವುದೂ ಇಲ್ಲ. ಕಥೆ ಬಿಸಿಯೇರಿದಾಗಲೇ ಮುಗಿದುಬಿಡುತ್ತದೆ. ಮೊದಲೆರಡು ಸೀಸನ್ ನೋಡಿಕೊಂಡೇ ಇದಕ್ಕೆ ಬನ್ನಿ.