ಶೂಟಿಂಗ್ ಸ್ಪರ್ಧೆಗೆ ಮುಂಚೆ ಮ್ಯೂನಿಕ್ ಸುತ್ತಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಜೂನ್‌ನಲ್ಲಿ ತಂಡ ಮ್ಯೂನಿಕ್‌ಗೆ ಹೊರಟಿದೆ, 10 ಮೀಟರ್ ರೈಫಲ್ ಮತ್ತು ಪಿಸ್ತೂಲ್. ಸ್ಪರ್ಧೆಗೆ ಮುಂಚೆ ಮೂರು ದಿನ ಬಿಡುವಿದೆ, ಊರು ನೋಡಿದರೆ ಸ್ಕೋರ್ ಕೆಡುತ್ತದಾ?

ಹೋಗಿ ಅಂತಲೇ ಹೇಳುತ್ತೇನೆ. ರೂಮಿನಲ್ಲೇ ಕೂತರೆ ತಲೆ ಸುಮ್ನೆ ಇರೋದಿಲ್ಲ, ಇನ್ನೂ ಹೊಡೆಯದ ಶಾಟ್‌ಗಳನ್ನು ಈಗಲೇ ಕೂಡಿ ಕಳೆಯುತ್ತಿರುತ್ತದೆ. ನಾನು ರೈಫಲ್ ಹೊಡೆಯುವವನು. ಸ್ಪರ್ಧೆಗೆ ಮುಂಚೆ ಎಲ್ಲೇ ಹೋಗಲಿ, ಮೊದಲು ಕೇಳೋದು ಅಲ್ಲಿ ಎಷ್ಟು ಹೊತ್ತು ನಿಂತಿರಬೇಕು ಅಂತ.

ಮೊದಲ ದಿನ ಬೇರೆಲ್ಲೂ ಬೇಡ, ರೇಂಜ್‌ಗೆ ಹೋಗಿ. ಬಂದೂಕಿನ ಪೆಟ್ಟಿಗೆ ಹಿಡಿದುಕೊಂಡು ಊರು ಸುತ್ತೋದಕ್ಕಾಗುವುದಿಲ್ಲ, ಹೋಟೆಲ್ ಮಂಚದ ಕೆಳಗೆ ತಳ್ಳಿ ಹೋಗೋದಂತೂ ಬೇಡವೇ ಬೇಡ. ಕಸ್ಟಮ್ಸ್ ಕಾಗದ ಮುಗಿದ ಮೇಲೆ ಆಯೋಜಕರ ಆರ್ಮರಿಗೆ, ಅಂದರೆ ಬಂದೂಕು ಇಡುವ ಕೋಣೆಗೆ ಒಪ್ಪಿಸಿ, ರಸೀದಿ ಜೋಪಾನ ಮಾಡಿ. ಹಾಗೇ ಇಕ್ವಿಪ್‌ಮೆಂಟ್ ಕಂಟ್ರೋಲ್‌ಗೆ, ಅಂದರೆ ಬಂದೂಕು, ಉಡುಪು ನಿಯಮದ ಪ್ರಕಾರ ಇವೆಯಾ ಅಂತ ನೋಡುವ ತಪಾಸಣೆಗೆ, ಸಮಯ ಕೇಳಿಕೊಳ್ಳಿ. ಶೂಟಿಂಗ್ ಜಾಕೆಟ್ ಮಿತಿಗಿಂತ ಗಡುಸಾಗಿದೆ ಅಂತ ವಾಪಸ್ ಬಂದರೆ ಸರಿಪಡಿಸಲು ನಿಮಗೆ ಸಮಯ ಇರಬೇಕು. ಈ ಕೆಲಸ ಬಾಕಿ ಇಟ್ಟುಕೊಂಡು ಅರಮನೆ ನೋಡಿದರೆ ಅರಮನೆಯೂ ಕಾಣೋದಿಲ್ಲ.

ರೇಂಜ್ ಕೂಡ ನೋಡುವಂಥದ್ದೇ. ಊರಿನ ಉತ್ತರಕ್ಕೆ, ಗಾರ್ಚಿಂಗ್ ಪಕ್ಕದ ಹೋಖ್‌ಬ್ರೂಕ್‌ನಲ್ಲಿದೆ. 1972ರ ಒಲಿಂಪಿಕ್ಸ್‌ಗೆ ಕಟ್ಟಿದ್ದು. ನಮ್ಮ ಶೂಟರ್, ಬಿಕಾನೇರ್‌ನ ಮಹಾರಾಜ ಕರ್ಣಿ ಸಿಂಗ್ ಆ ವರ್ಷ ಟ್ರ್ಯಾಪ್ (ಹಾರುವ ಮಣ್ಣಿನ ಬಿಲ್ಲೆಗೆ ಹೊಡೆಯುವ ಸ್ಪರ್ಧೆ) ಹೊಡೆದದ್ದು ಇಲ್ಲೇ. ದೆಹಲಿಯ ತುಘಲಕಾಬಾದ್ ರೇಂಜ್‌ಗೆ ಇರೋದು ಅವರದೇ ಹೆಸರು.

ಇನ್ನು ಕಾಲಿನ ವಿಷಯ. 60 ಶಾಟ್, 75 ನಿಮಿಷ, ಎಲ್ಲಾ ನಿಂತೇ. ಏರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಹಿಂದಿನ ದಿನ ಕಲ್ಲು ಹಾಸಿದ ಬೀದಿಯಲ್ಲಿ ಐದಾರು ಗಂಟೆ ಓಡಾಡಿದ್ದರೆ ಮೊದಲ ಇಪ್ಪತ್ತು ಶಾಟ್‌ನಲ್ಲಿ ಏನೂ ಗೊತ್ತಾಗೋದಿಲ್ಲ. ಆಮೇಲೆ ಮೀನಖಂಡ ಸಣ್ಣಗೆ ಎಳೆಯೋಕೆ ಶುರು. ದೇಹ ಮುಂದೆ ಹಿಂದೆ ತೂಗುತ್ತದೆ, ಹೋಲ್ಡ್, ಅಂದರೆ ಗುರಿಯ ಮೇಲೆ ಬಂದೂಕು ಅಲ್ಲಾಡುವ ವ್ಯಾಪ್ತಿ, ದೊಡ್ಡದಾಗುತ್ತದೆ. ನೀವು ಟ್ರಿಗರ್ ಮೇಲೆ ಅನುಮಾನ ಪಡುತ್ತೀರಿ, ಗುರಿ ಹಿಡಿಯುವ ಸೈಟ್ ತಿರುಗಿಸುತ್ತೀರಿ. ತೊಂದರೆ ಇರೋದು ಮೊಣಕಾಲ ಕೆಳಗೆ! ನಡೆಯೋದಕ್ಕಿಂತ ಮ್ಯೂಸಿಯಂನಲ್ಲಿ ಎರಡು ಹೆಜ್ಜೆ ಇಟ್ಟು ನಿಲ್ಲೋದೇ ಜಾಸ್ತಿ ಸುಸ್ತು. ವಿಜ್ಞಾನ, ತಂತ್ರಜ್ಞಾನದ ಡಾಯ್ಚಸ್ ಮ್ಯೂಸಿಯಂ ಅಷ್ಟು ದೊಡ್ಡದು, ಒಳಗೆ ಹೋದವರು ಬೇಗ ಹೊರಗೆ ಬರೋದಿಲ್ಲ. ಅದನ್ನು ಆಮೇಲಕ್ಕೆ ಇಡಿ. ಪಿಸ್ತೂಲಿನವರು ಹೊಡೆಯುವ ಕೈಯ ಭುಜಕ್ಕೆ ಚೀಲ ನೇತುಹಾಕಬೇಡಿ.

ಎರಡನೇ ದಿನ ಬೆಳಿಗ್ಗೆ ಊರು ನೋಡಲು ಹೋಗಿ. ಯು-6 ಮೆಟ್ರೋ ಹೋಖ್‌ಬ್ರೂಕ್‌ನಿಂದ ನೇರ ಊರ ನಡುವಿನ ಚೌಕ ಮರಿಯನ್‌ಪ್ಲಾಟ್ಸ್‌ಗೆ ಹೋಗುತ್ತದೆ, ಸುಮಾರು ಅರ್ಧ ಗಂಟೆ. ಪುರಭವನದ ಗೋಪುರದಲ್ಲಿ 11ಕ್ಕೂ 12ಕ್ಕೂ ಗಂಟೆ ಬಾರಿಸಿ ಬೊಂಬೆಗಳು ತಿರುಗುತ್ತವೆ. ಪಕ್ಕದ ಸೇಂಟ್ ಪೀಟರ್ ಚರ್ಚ್‌ನ ಗೋಪುರಕ್ಕೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು, ಕೆಳಗಿಂದಲೇ ಫೋಟೋ ತೆಗೆದು ಬನ್ನಿ. ನನ್ನನ್ನು ಕೇಳಿದರೆ ಒಲಿಂಪಿಯಾ ಪಾರ್ಕ್ ಬಿಡಬೇಡಿ. ಗಾಜಿನ ಡೇರೆಯಂಥ ಆ ಸ್ಟೇಡಿಯಂ ಚಾವಣಿ, ಕೆರೆ, ಹುಲ್ಲು, ಕೂರೋಕೆ ಬೇಕಾದಷ್ಟು ಜಾಗ. 1972ರ ಒಲಿಂಪಿಕ್ಸ್ ವೇಳೆ ನಡೆದ ಉಗ್ರರ ದಾಳಿಯಲ್ಲಿ ಸತ್ತ 11 ಇಸ್ರೇಲಿಗಳ ಮತ್ತು ಒಬ್ಬ ಜರ್ಮನ್ ಪೊಲೀಸನ ಸ್ಮಾರಕವೂ ಅಲ್ಲಿದೆ. ಟೋಪಿ, ಕಪ್ಪು ಕನ್ನಡಕ ಮರೆಯಬೇಡಿ, ಕಣ್ಣು ಕುಕ್ಕುವ ಬಿಸಿಲು ನಿಮಗೆ ಬೇಡ.

ಸ್ಪರ್ಧೆ ಮುಗಿದ ಮೇಲೆ ನೋಡಬೇಕಾದವು ಮೂರು. 2,962 ಮೀಟರ್ ಎತ್ತರದ ಝುಗ್‌ಸ್ಪಿಟ್ಸೆ ಬೆಟ್ಟ. ರೈಲು, ಬಸ್ಸು, ಆಮೇಲೆ ಗುಡ್ಡ ಅಂತ ಇಡೀ ದಿನ ನುಂಗುವ ನಾಯ್‌ಶ್ವಾನ್‌ಸ್ಟೈನ್ ಕೋಟೆ. ಮತ್ತೆ ನಾಜಿಗಳ ಡಖಾವ್ ಯಾತನಾ ಶಿಬಿರ. ಡಖಾವ್ ನೋಡಲೇಬೇಕು, ಆದರೆ ಅದನ್ನು ನೋಡಿ ಬಂದು ಮರುದಿನ ಹೋಲ್ಡ್ ಬಗ್ಗೆ ಯೋಚಿಸೋದು ನನ್ನಿಂದ ಆಗದ ಮಾತು.

ನಿದ್ದೆ ಕೆಡಿಸೋದು ಅಲ್ಲಿನ ಬೆಳಕು. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಕತ್ತಲಾಗೋದಿಲ್ಲ. ಇನ್ನೂ ಸಂಜೆ ಅಂತ ನೀವು ಅಡ್ಡಾಡುತ್ತೀರಿ, ಮೈಗೆ ಆಗ ಮಧ್ಯರಾತ್ರಿ ಕಳೆದಿರುತ್ತದೆ, ಯಾಕಂದ್ರೆ ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ. ಪರದೆ ಎಳೆದು ಬೇಗ ಮಲಗಿ. ನೆಗಡಿ ಬಂದರೆ ಅಂಗಡಿಯ ಮಾತ್ರೆ ನುಂಗಬೇಡಿ, ತಂಡದ ವೈದ್ಯರನ್ನು ಕೇಳಿ. ಕೆಲವು ನೆಗಡಿ ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಸ್ಪರ್ಧೆಯ ವೇಳೆ ಮಿತಿ ಮೀರಿದರೆ ಡೋಪಿಂಗ್ ಲೆಕ್ಕಕ್ಕೆ ಬರುತ್ತದೆ.

ಮೂರನೇ ದಿನ ಪ್ರೀ-ಇವೆಂಟ್ ಟ್ರೈನಿಂಗ್ (ಸ್ಪರ್ಧೆಗೆ ಮುಂಚಿನ ಅಧಿಕೃತ ಅಭ್ಯಾಸ) ಇದ್ದರೆ ಸುತ್ತಾಟಕ್ಕೆ ರಜೆ. ಲೇನ್‌ನ ಬೆಳಕು ನೋಡಿ, ಸ್ವಲ್ಪ ಹೊಡೆದು ವಾಪಸ್ ಬನ್ನಿ.

ಒಂದು ವಿಷಯ ಹೊರಡುವ ಮುಂಚೆಯೇ ಕೋಚ್ ಹತ್ತಿರ ಮಾತಾಡಿಕೊಳ್ಳಿ. ಎಲ್ಲರ ಮ್ಯಾಚ್ ಒಂದೇ ದಿನ ಇರೋದಿಲ್ಲ, ಅಲ್ವಾ? ಮುಗಿಸಿದವರು ಬೆಟ್ಟ ನೋಡಿ ರಾತ್ರಿ ಹತ್ತಕ್ಕೆ ಗಲಾಟೆ ಮಾಡುತ್ತಾ ಬಂದರೆ, ಮರುದಿನ ಹೊಡೆಯಬೇಕಾದ ರೂಮ್‌ಮೇಟ್ ಕಥೆ ಮುಗಿಯಿತು. ಆದಷ್ಟೂ ಒಂದೇ ದಿನ ಮ್ಯಾಚ್ ಇರುವವರನ್ನೇ ಒಂದು ರೂಮಿಗೆ ಹಾಕಿಸಿ.