ಹೊಲಿಗೆ ಪ್ರಶ್ನೋತ್ತರ: ಗದೆ ಎತ್ತಿದರೆ ಕೋಟೂ ಮೇಲೇಳುತ್ತದೆ!

ಈ ಸಲದ ಪತ್ರಗಳಲ್ಲಿ ರವಿಕೆ, ಚೂಡಿದಾರ್ ಬಹಳ ಕಡಿಮೆ. ಊರಹಬ್ಬದ ನಾಟಕ, ಶಾಲೆಯ ಛದ್ಮವೇಷ, ಕಾಲೇಜಿನ ರಂಗತಂಡ, ಹೀಗೆ ವೇಷಭೂಷಣದ ಪ್ರಶ್ನೆಗಳೇ ಹೆಚ್ಚು. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಅಜ್ಜಿಯ ಕಾಲದ ಕಾಲು ಮಷಿನ್ ಅಟ್ಟದ ಮೇಲಿತ್ತು. ಇಳಿಸಿ ಓಡಿಸಿದರೆ ಬಟ್ಟೆಯ ಅಡಿಯಲ್ಲಿ ದಾರ ಗುಂಜುಗುಂಜಾಗುತ್ತದೆ. ನೇರ ಹೊಲಿಗೆ ಬಿಟ್ಟು ಬೇರೇನೂ ಅದರಲ್ಲಿಲ್ಲ. ಹವ್ಯಾಸಕ್ಕೆ ನಾಟಕದ ಉಡುಪು ಹೊಲಿಯಬೇಕೆಂದಿದ್ದೇನೆ. ಹೊಸ ಮಷಿನ್ ಕೊಳ್ಳಲೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಈಗಲೇ ಬೇಡ. ವೇಷದ ಬಟ್ಟೆಗೆ ಬೇಕಾಗುವುದು ಬಹುಪಾಲು ನೇರ ಹೊಲಿಗೆಯೇ. ವೆಲ್ವೆಟ್ಟು, ಬಕ್ರಂ (ಒಳಗೆ ಕೊಡುವ ಬಿರುಸು ಬಟ್ಟೆ), ಲೈನಿಂಗ್ ಸೇರಿ ನಾಲ್ಕು ಪದರವಾದಾಗ ಹಗುರ ಪ್ಲಾಸ್ಟಿಕ್ ಮೈಯ ಮಷಿನ್ ಏದುಸಿರು ಬಿಡುತ್ತದೆ, ನಿಮ್ಮ ಕಬ್ಬಿಣದ ತಲೆ ಸುಮ್ಮನೆ ದಾಟಿಕೊಂಡು ಹೋಗುತ್ತದೆ. ಅಂಚು ಬಿಚ್ಚದಂತೆ ಇಂಟರ್‌ಲಾಕ್ ಬೇಕಿದ್ದರೆ ಬೀದಿಯ ಟೈಲರ್ ಹತ್ತಿರ ಹಾಕಿಸಿ.

ದಾರ ಕೆಳಗೆ ಗುಂಜಾದರೆ ಎಲ್ಲರೂ ಬಾಬಿನ್ (ಕೆಳದಾರದ ಉರುಳೆ) ಬಿಚ್ಚಿ ಕೂರುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿರುತ್ತದೆ. ಬಟ್ಟೆಯನ್ನು ಒತ್ತಿಹಿಡಿಯುವ ಪ್ರೆಷರ್ ಫುಟ್ ಇಳಿಸಿಟ್ಟು ದಾರ ಪೋಣಿಸಿದರೆ, ಮೇಲಿನ ದಾರವನ್ನು ಬಿಗಿಹಿಡಿಯುವ ಟೆನ್ಷನ್ ತಟ್ಟೆಗಳು ಬಿಗಿದುಕೊಂಡಿರುತ್ತವೆ, ದಾರ ಅವುಗಳ ನಡುವೆ ಇಳಿಯುವುದೇ ಇಲ್ಲ. ಹಿಡಿತವಿಲ್ಲದ ಮೇಲಿನ ದಾರ ಕೆಳಗೆ ಸುರಿದು ಗಂಟಾಗುತ್ತದೆ. ಫುಟ್ ಎತ್ತಿ, ಮೊದಲಿನಿಂದ ಪೋಣಿಸಿ. ಸೂಜಿಯ ಒಂದು ಬದಿಯಲ್ಲಿ ಉದ್ದಕ್ಕೆ ಗೀರು ಇರುತ್ತದೆ, ದಾರ ಆ ಬದಿಯಿಂದ ಕಣ್ಣಿನೊಳಗೆ ಹೋಗಬೇಕು. ಇಷ್ಟಾದ ಮೇಲೂ ಸರಿಹೋಗದಿದ್ದರೆ ಆಗ ಬಾಬಿನ್ ಕೇಸ್ ನೋಡಿ. ದಾರ ಹಿಡಿದು ನೇತುಹಾಕಿ ಸಣ್ಣಗೆ ಜಗ್ಗಿದಾಗ ಅದು ಒಂದೆರಡು ಇಂಚು ಜಾರಿ ನಿಲ್ಲಬೇಕು. ಸರ್ರನೆ ಇಳಿದರೆ ಸ್ಕ್ರೂ ಸಡಿಲ, ಅಲುಗದಿದ್ದರೆ ಬಿಗಿ.

ಎಣ್ಣೆ ಮಷಿನ್ನಿನದೇ ಹಾಕಿ. ಕೊಬ್ಬರಿ ಎಣ್ಣೆ ಮೈಸೂರಿನ ಮಾಗಿ ಚಳಿಗೆ ಹೆಪ್ಪುಗಟ್ಟುತ್ತದೆ, ಆಮೇಲೆ ಧೂಳು ಹಿಡಿದು ಅಂಟಾಗುತ್ತದೆ. ಚರ್ಮದ ಬೆಲ್ಟು ಜಾರುತ್ತಿದ್ದರೆ ಅರ್ಧ ಇಂಚು ಕತ್ತರಿಸಿ ಮತ್ತೆ ಕೊಂಡಿ ಹಾಕಿದರೆ ಸಾಕು. ಸೂಜಿಗೆ ಜಿಪುಣತನ ಬೇಡ: ಕ್ರೇಪ್, ತೆಳು ಸ್ಯಾಟಿನ್‌ಗೆ 11ನೇ ನಂಬರಿನ ಸೂಜಿ, ಕಾಟನ್‌ಗೆ 14, ವೆಲ್ವೆಟ್ ಜೊತೆ ಬಕ್ರಂ ಇದ್ದರೆ 16. ಹೊಲಿಯುವಾಗ ‘ಟಪ್ ಟಪ್’ ಸದ್ದು ಬಂತೆಂದರೆ ಮೊನೆ ಮೊಂಡಾಗಿದೆ ಎಂದರ್ಥ.

ಪ್ರಶ್ನೆ: ನಮ್ಮೂರ ಹಬ್ಬದ ಪೌರಾಣಿಕ ನಾಟಕದಲ್ಲಿ ನನ್ನದು ದುರ್ಯೋಧನನ ಪಾತ್ರ. ಬಾಡಿಗೆ ಡ್ರೆಸ್ಸಿನ ಬೆವರು ವಾಸನೆ ಸಾಕಾಗಿ ಕೆಂಪು ವೆಲ್ವೆಟ್ ತಂದು ಮಂಡಿಯುದ್ದದ ಕೋಟು ಹೊಲಿದೆ. ಒಂದು ತೋಳು ಕಡುಗೆಂಪು, ಇನ್ನೊಂದು ತಿಳಿಯಾಗಿ ಕಾಣುತ್ತದೆ. ಪಕ್ಕದ ಹೊಲಿಗೆ ಕೊನೆಗೆ ಬರುವಷ್ಟರಲ್ಲಿ ಒಂದು ಪದರ ಮುಕ್ಕಾಲಿಂಚು ಉಳಿದುಬಿಟ್ಟಿತು. ಬಟ್ಟೆಯೇ ಕಳಪೆಯೇ?
– ಓದುಗರು, ಮದ್ದೂರು

ಉತ್ತರ: ಬಟ್ಟೆಯನ್ನು ಬೈಯಬೇಡಿ. ವೆಲ್ವೆಟ್ಟಿಗೆ ಹಸುವಿನ ಮೈಯಂತೆ ರೋಮವಿದೆ, ಅದು ಒಂದು ಕಡೆಗೆ ಮಲಗಿರುತ್ತದೆ. ಕೈಯಾಡಿಸಿದಾಗ ನುಣ್ಣಗೆ ಸಾಗುವ ದಿಕ್ಕು ಕೆಳಮುಖವಾದರೆ ಬಣ್ಣ ತಿಳಿಯಾಗಿ ಹೊಳೆಯುತ್ತದೆ, ಮೇಲ್ಮುಖವಾದರೆ ಗಾಢವಾಗುತ್ತದೆ. ಬಟ್ಟೆ ಉಳಿಸಲು ಒಂದು ತೋಳನ್ನು ತಲೆಕೆಳಗು ಮಾಡಿ ಕತ್ತರಿಸಿದ್ದೀರಿ. ರಂಗದ ಮೇಲೆ ಗಾಢ ಬಣ್ಣವೇ ಚೆಂದ, ಹಾಗಾಗಿ ಎಲ್ಲ ತುಂಡುಗಳಲ್ಲೂ ರೋಮ ಮೇಲ್ಮುಖವಾಗಿರಲಿ. ಕತ್ತರಿ ಹಿಡಿಯುವ ಮೊದಲೇ ಹಿಂಬದಿಯಲ್ಲಿ ಚಾಕಿನಿಂದ ಬಾಣದ ಗುರುತುಗಳನ್ನು ಹಾಕಿಕೊಳ್ಳಿ. ಮಡಿಸಿ ಕತ್ತರಿಸಬೇಡಿ, ಒಂದೊಂದೇ ಪದರ.

ಎಷ್ಟು ಬಟ್ಟೆ? 44 ಇಂಚು ಅಗಲದ ವೆಲ್ವೆಟ್ಟಿನಲ್ಲಿ 40ರ ಎದೆಗೆ ಬೆನ್ನು ಮತ್ತು ಎರಡು ಮುಂಭಾಗ ಅಕ್ಕಪಕ್ಕ ಹಿಡಿಸುವುದಿಲ್ಲ. ಆದ್ದರಿಂದ ಕೋಟಿನ ಉದ್ದ ಎರಡು ಸಲ ಬೇಕು, ಬೆನ್ನಿಗೆ 44, ಮುಂಭಾಗಗಳಿಗೆ 44. ಎರಡು ತೋಳು ಪಕ್ಕಪಕ್ಕ ಕೂರುತ್ತವೆ, ಅದಕ್ಕೆ 26. ಒಟ್ಟು 114 ಇಂಚು, ಅಂದರೆ 2.9 ಮೀಟರ್. 3.25 ಮೀಟರ್ ತನ್ನಿ. ಕೊರಳ ಪಟ್ಟಿ, ಒಳಪಟ್ಟಿಗಳು ಬೆನ್ನಿನ ತುಂಡಿನ ಪಕ್ಕದಲ್ಲಿ ಉಳಿಯುವ ಬಟ್ಟೆಯಲ್ಲೇ ಬರುತ್ತವೆ.

ಮುಕ್ಕಾಲಿಂಚಿನ ಕಥೆಗೂ ರೋಮವೇ ಕಾರಣ. ಎರಡು ಪದರಗಳ ರೋಮ ಮುಖಾಮುಖಿಯಾದಾಗ ಒಂದನ್ನೊಂದು ತಳ್ಳುತ್ತವೆ. ಕೆಳಗಿನ ಪದರವನ್ನು ಮಷಿನ್ನಿನ ಹಲ್ಲು ಎಳೆಯುತ್ತದೆ, ಮೇಲಿನದನ್ನು ಫುಟ್ ತಡೆಯುತ್ತದೆ. ಬರೀ ಗುಂಡುಪಿನ್ನು ಹಾಕಿದರೆ ಎರಡು ಪಿನ್ನಿನ ನಡುವೆಯೂ ಸರಿದಿರುತ್ತದೆ. ಕೈಯಲ್ಲಿ ಎರಡು ಸಾಲು ಕಚ್ಚಾ ಹೊಲಿಗೆ ಹಾಕಿ, ಹೊಲಿಯುವ ಗೆರೆಯ ಆಚೆಗೊಂದು, ಈಚೆಗೊಂದು. ನಾಲ್ಕೈದು ಹೊಲಿಗೆಗೊಮ್ಮೆ ಒಂದು ಹಿಂಹೊಲಿಗೆ ಇರಲಿ. ಫುಟ್ಟಿನ ಒತ್ತಡ ಸ್ವಲ್ಪ ಸಡಿಲಿಸಿ, ಹೊಲಿಗೆಯುದ್ದ 3 ಮಿಲಿಮೀಟರ್ ಇಟ್ಟು, ರೋಮ ಮಲಗಿದ ದಿಕ್ಕಿನಲ್ಲೇ ನಿಧಾನವಾಗಿ ಹೊಲಿಯಿರಿ. ಬೇಸರದ ಕೆಲಸ, ನಿಜ. ಆದರೆ ವೆಲ್ವೆಟ್ ಬಿಚ್ಚಿದರೆ ಸೂಜಿಯ ತೂತು, ಒತ್ತಿದ ಗೆರೆ ಎರಡೂ ಹಾಗೇ ಉಳಿಯುತ್ತವೆ.

ಇಸ್ತ್ರಿಯನ್ನು ಮೇಲ್ಮೈಗೆ ತಾಗಿಸಲೇಬೇಡಿ, ರೋಮ ಚಪ್ಪಟೆಯಾಗಿ ಹೊಳಪಿನ ಕಲೆ ಬೀಳುತ್ತದೆ. ದಪ್ಪ ಟವೆಲ್ಲಿನ ಮೇಲೆ ಮಗುಚಿ ಹಾಕಿ, ಹಿಂಬದಿಯಿಂದ ಹಬೆ ತೋರಿಸಿದರೆ ಸಾಕು. ಲೈನಿಂಗ್ ಸ್ಯಾಟಿನ್ ಬೇಡ, ಕಾಟನ್ ಪಾಪ್ಲಿನ್ ಇರಲಿ. ರಾತ್ರಿಯಿಡೀ ದೀಪದ ಕೆಳಗೆ ನಿಲ್ಲುವವರು ನೀವು.

ಈಗಿರುವ ತೋಳಿಗೆ ಬಟ್ಟೆ ಮಿಕ್ಕಿದ್ದರೆ ಹೊಸದು ಕತ್ತರಿಸಿ. ಇಲ್ಲವಾದರೆ ಎರಡೂ ತೋಳಿಗೆ ಮೂರು ಸುತ್ತು ಅಗಲ ಜರಿ ಪಟ್ಟಿ ಹೊಲಿದುಬಿಡಿ. ನೋಡುವವರು ಇಪ್ಪತ್ತಡಿ ದೂರದಲ್ಲಿರುತ್ತಾರೆ, ಜರಿ ಮಿಂಚುವಾಗ ಅಡಿಯ ಬಣ್ಣವನ್ನು ಯಾರೂ ಹೋಲಿಸಿ ನೋಡುವುದಿಲ್ಲ.

ಪ್ರಶ್ನೆ: ನಮ್ಮ ಕಾಲೇಜು ತಂಡದ ಭೀಮ ಗದೆ ಎತ್ತಿದ ಕೂಡಲೇ ಇಡೀ ಕೋಟು ಸೊಂಟದ ಮೇಲೇರುತ್ತದೆ. ಕಂಕುಳು ಬಿಗಿಯಾಯಿತೆಂದು ಒಂದಿಂಚು ಕೆಳಗೆ ಕೊರೆದೆವು. ಈಗ ಇನ್ನೂ ಹೆಚ್ಚು ಏರುತ್ತಿದೆ!
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಏರಲೇಬೇಕು. ಹೊಸಬರೆಲ್ಲ ಮಾಡುವ ತಪ್ಪಿದು, ಕೆಲವು ಹಳಬರೂ ಮಾಡುತ್ತಾರೆ. ತೋಳು ಮತ್ತು ಮೈ ಸೇರುವ ಜಾಗ ಕೆಳಗಿಳಿದಷ್ಟೂ ಕೈ ಎತ್ತಿದಾಗ ಪಕ್ಕದ ಬಟ್ಟೆಯನ್ನೆಲ್ಲ ಅದು ಎಳೆದೊಯ್ಯುತ್ತದೆ. ಕಂಕುಳ ಕೊರೆತ ನಿಜವಾದ ಕಂಕುಳಿಗಿಂತ ಒಂದಿಂಚು ಮಾತ್ರ ಕೆಳಗಿದ್ದರೆ ಕೈ ಒಂದೇ ಏಳುತ್ತದೆ, ಕೋಟು ಇದ್ದಲ್ಲೇ ಇರುತ್ತದೆ.

ಕತ್ತರಿಸಿದ ಬಟ್ಟೆ ಮತ್ತೆ ಬರುವುದಿಲ್ಲವಲ್ಲ, ಆದ್ದರಿಂದ ಕಂಕುಳಿಗೆ ಚೌಕ ಕೂರಿಸಿ. ಪಕ್ಕದ ಹೊಲಿಗೆಯನ್ನು ಕಂಕುಳಿಂದ ಕೆಳಕ್ಕೆ 4 ಇಂಚು, ತೋಳಿನ ಹೊಲಿಗೆಯನ್ನು ಕಂಕುಳಿಂದ ಕೈಯ ಕಡೆಗೆ 4 ಇಂಚು ಬಿಚ್ಚಿ. ಸುತ್ತ ಕಾಲಿಂಚು ಅಂಚು ಸೇರಿಸಿ ನಾಲ್ಕೂವರೆ ಇಂಚಿನ ಚೌಕ ಕತ್ತರಿಸಿ. ಅದರ ಒಂದು ಮೂಲೆ ಪಕ್ಕದ ಹೊಲಿಗೆಯ ಕೊನೆಗೆ, ಎದುರು ಮೂಲೆ ತೋಳಿನ ಹೊಲಿಗೆಯ ಕೊನೆಗೆ, ಉಳಿದೆರಡು ಮೂಲೆ ಮುಂದೆ ಮತ್ತು ಹಿಂದೆ ತೋಳು ಜೋಡಿಸಿದ ಗೆರೆಗೆ. ಮೂಲೆಗೆ ಬಂದಾಗ ಸೂಜಿ ಬಟ್ಟೆಯೊಳಗೇ ಇರಲಿ, ಫುಟ್ ಎತ್ತಿ ಬಟ್ಟೆ ತಿರುಗಿಸಿ. ಹರಿಯುವುದು ಯಾವಾಗಲೂ ಮೂಲೆಯೇ, ಆದ್ದರಿಂದ ಹಿಂದೆ ಸಣ್ಣ ಕಾಟನ್ ತುಂಡು ಕೊಟ್ಟು ಹೊಲಿಯಿರಿ. ಚೌಕಕ್ಕೆ ಕೋಟಿನದೇ ಬಣ್ಣದ ಕಾಟನ್ ಬಳಸಿ. ದೂರಕ್ಕೆ ಕಾಣುವುದಿಲ್ಲ, ಬೆವರನ್ನೂ ಹೀರುತ್ತದೆ.

ಮುಂದಿನ ಸಲ ಮಾತ್ರ ಕೋರಾ ಬಟ್ಟೆಯಲ್ಲಿ ಮೊದಲು ಮಾದರಿ ಹೊಲಿದು ನೋಡಿ. ಬರೀ ಉದ್ದ ಹೊಲಿಗೆ ಸಾಕು, ಲೈನಿಂಗ್ ಬೇಡ, ಗುಂಡಿ ಬೇಡ. ನಟನಿಗೆ ತೊಡಿಸಿ ಕನ್ನಡಿ ಮುಂದೆ ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ. ಗದೆ ಕೊಡಿ, ಕೂರಿಸಿ, ಏಳಿಸಿ, ಬಗ್ಗಿಸಿ. ಎಲ್ಲಿ ಜಗ್ಗುತ್ತದೋ ಅಲ್ಲಿ ಪೆನ್ನಿನಲ್ಲಿ ಗೀಚಿ, ಕತ್ತರಿಸಿ, ತೇಪೆ ಹಾಕಿ. ಆ ಮಾದರಿಯನ್ನು ಬಿಚ್ಚಿದರೆ ಅದೇ ನಿಮ್ಮ ಪ್ಯಾಟರ್ನ್.

ಪ್ರಶ್ನೆ: ಏಳು ವರ್ಷದ ಮಗಳಿಗೆ ಛದ್ಮವೇಷಕ್ಕೆ ರಾಣಿಯ ಲಂಗ, ಕುಪ್ಪಸ ಹೊಲಿಯಬೇಕು. ಮುಂದಿನ ವರ್ಷಕ್ಕೂ ಆಗುವಂತೆ ಹೇಗೆ?
– ಓದುಗರು, ಮಂಡ್ಯ

ಉತ್ತರ: ಲಂಗವನ್ನು 4 ಇಂಚು ಉದ್ದ ಇಟ್ಟು, ಕೆಳಗೆ ಒಂದೊಂದಿಂಚಿನ ಎರಡು ಮಡಿಕೆ ಹೊಲಿಯಿರಿ. ಪ್ರತಿ ಮಡಿಕೆ ಎರಡಿಂಚು ನುಂಗುತ್ತದೆ. ಮುಂದಿನ ವರ್ಷ ಒಂದನ್ನು ಬಿಚ್ಚಿ. ಕುಪ್ಪಸದ ಪಕ್ಕದಲ್ಲಿ ಒಂದೂವರೆ ಇಂಚು ಒಳಗೆ ಬಿಡಿ. ಸೊಂಟಕ್ಕೆ ಮುಕ್ಕಾಲಿಂಚಿನ ಎಲಾಸ್ಟಿಕ್, ಸೊಂಟದಳತೆಗಿಂತ ಎರಡಿಂಚು ಕಡಿಮೆ. ಅದು ಓಡಾಡುವ ಗೂಡು ಒಂದಿಂಚಿನದಾಗಿರಲಿ, ಹೆಚ್ಚು ಅಗಲವಾದರೆ ಎಲಾಸ್ಟಿಕ್ ಒಳಗೆ ಮಗುಚಿಕೊಳ್ಳುತ್ತದೆ. ಕೊರಳಿಗೆ ಕಟ್ಟುವ ದಾರ ಬೇಡವೇ ಬೇಡ, ವೆಲ್ಕ್ರೋ ಹಾಕಿ. ಮಣಿ, ಚಮಕಿಗಳನ್ನು ಬಿಸಿ ಅಂಟಿನಲ್ಲಿ ಅಂಟಿಸಿದರೆ ತೆಳು ಸಿಂಥೆಟಿಕ್ ಬಟ್ಟೆ ಸುಕ್ಕುಗಟ್ಟುತ್ತದೆ. ಕೈಯಲ್ಲೇ ಹೊಲಿಯಿರಿ. ಮೈಗೆ ಚುಚ್ಚದಂತೆ ಒಳಗೆ ಮಲ್ಮಲ್ ಲೈನಿಂಗ್ ಕೊಡಿ.

ಪ್ರಶ್ನೆ: ಅಮ್ಮನ ಹಳೆಯ ಮೈಸೂರು ಸಿಲ್ಕ್ ಸೀರೆಯನ್ನು ಕತ್ತರಿಸಿ ರಾಣಿಯ ಪಾತ್ರಕ್ಕೆ ಗೌನು ಮಾಡಬಹುದೇ?
– ಓದುಗರು, ವಿಜಯನಗರ, ಮೈಸೂರು

ಉತ್ತರ: ಸೀರೆ ಗಟ್ಟಿಯಾಗಿದ್ದರೆ ಕತ್ತರಿ ಹಾಕಬೇಡಿ. ಭಾವನೆಯ ಮಾತಲ್ಲ. ಅದು ಹುರಿ ಹಾಕಿದ ಎಳೆಯ ಕ್ರೇಪ್, ಕತ್ತರಿಸಿದ ಕೂಡಲೇ ಅಂಚು ಹಿಗ್ಗಿ ಆಕಾರ ಕೆಡುತ್ತದೆ. ಕಲಿಯುವವರ ಕೈಗೆ ಅದು ಸಿಕ್ಕಬಾರದ ಬಟ್ಟೆ. ಕತ್ತರಿಸದೆಯೇ ಉಡುಪು ಮಾಡಬಹುದು. ಸೊಂಟದಳತೆಯ ಗಟ್ಟಿ ಕಾಟನ್ ಪಟ್ಟಿಯೊಂದನ್ನು ಹುಕ್ಕಿನ ಸಮೇತ ಹೊಲಿದುಕೊಂಡು, ಸೀರೆಯನ್ನು ನೆರಿಗೆ ಹಿಡಿದು ಅದಕ್ಕೆ ಕಾಟನ್ ದಾರದಲ್ಲಿ ಉದ್ದುದ್ದ ಕೈಹೊಲಿಗೆ ಹಾಕಿ. ಪಿನ್ನು ಬೇಡ, ಕ್ರೇಪಿನಲ್ಲಿ ತೂತು ಉಳಿಯುತ್ತದೆ. ಸೀರೆ ಈಗಾಗಲೇ ಮಡಿಕೆಗಳಲ್ಲಿ ಸೀಳಿದ್ದರೆ ಮಾತ್ರ ಜರಿ ಅಂಚನ್ನು ಬಿಡಿಸಿ, ಹಿಂದೆ ತೆಳು ಕಾಟನ್ ಕೊಟ್ಟು, ಬೇರೆ ಬಟ್ಟೆಯ ಗೌನಿಗೆ ಹೊಲಿದುಕೊಳ್ಳಿ.

ನಾಟಕ ಮುಗಿದ ರಾತ್ರಿಯೇ ಕೈಹೊಲಿಗೆ ಬಿಚ್ಚಿ, ಸೀರೆಯನ್ನು ನೆರಳಿನಲ್ಲಿ ಗಾಳಿಗೆ ಹರವಿ. ಬೆವರು, ಸೆಂಟು ತಾಗಿದ ಬೆಳ್ಳಿ ಜರಿ ಬೇಗ ಕಪ್ಪಾಗುತ್ತದೆ.